ಮಾಲಕ ಬಂದು ಹಗ್ಗ ಹಿಡಿಯಬೇಕು

ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಬಡಿಸುವ ಪದ್ಧತಿಯನ್ನು ನೀವು ಬೇರೆ ಕಡೆ ನೋಡಿರಲಿಕ್ಕಿಲ್ಲ. ನನ್ನ ಹೆಂಡತಿ ಸುಶೀಲಾ ಮೊದಲು ಕಪಾಟಿನಿಂದ ಒಂದು ತೆಳ್ಳನೆಯ ಪ್ಲಾಸ್ಟಿಕ್ ಕೈಗವಸು ತೆಗೆಯುತ್ತಾಳೆ. ಅದನ್ನು ಬೆರಳಿನಿಂದ ಹೆಗಲಿನವರೆಗೆ ಏರಿಸಿಕೊಳ್ಳುತ್ತಾಳೆ. ಆಮೇಲೆ ಮುಖವನ್ನು ಆಚೆ ತಿರುಗಿಸಿ, ಆಳದ ಭರಣಿಯೊಳಗೆ ಮೊಣಕೈ ಮುಳುಗುವಷ್ಟು ಕೈ ಇಳಿಸಿ, ತಳದಲ್ಲಿ ಕೂತ ಮಾವಿನ ಹೋಳನ್ನು ತಡಕಾಡಿ ಹಿಡಿದು ಮೇಲೆ ತರುತ್ತಾಳೆ. ಹಸಿ ಕೈ ತಾಗಿದರೆ ಉಪ್ಪಿನಕಾಯಿ ಕೆಡುತ್ತದಂತೆ. ಬಂದ ಬೀಗರೆಲ್ಲ ಅವಳ ಸ್ವಚ್ಛತೆಯನ್ನು ಹೊಗಳಿ ಇನ್ನೊಂದು ಹೋಳು ಹಾಕಿಸಿಕೊಳ್ಳುತ್ತಾರೆ. ಆ ಕೈಗವಸು ಯಾತಕ್ಕೆ ಹುಟ್ಟಿದ್ದು ಎಂಬುದನ್ನು ಬೀಗರ ಊಟ ಮುಗಿಯುವವರೆಗೆ ನಾನು ಬಾಯಿ ಬಿಡಬಾರದೆಂದು ನನಗೆ ಕಟ್ಟಪ್ಪಣೆಯಾಗಿದೆ.

ನಿಮಗೆ ಹೇಳಬಹುದು, ನೀವೇನು ಊಟಕ್ಕೆ ಕೂತಿಲ್ಲ. ಅದು ಎಮ್ಮೆಯ ಗಬ್ಬ ನೋಡುವ ಕೈಗವಸು. ನಿವೃತ್ತನಾದ ದಿನ ಒಂದು ಶಾಲು, ಒಂದು ಹಾರ, ಒಂದು ಡಬ್ಬಿ ಕರದಂಟಿನ ಜೊತೆಗೆ ಈ ಕೈಗವಸಿನ ಒಡೆಯದ ಒಂದು ಪಾಕೀಟು ನನ್ನೊಡನೆ ಮನೆಗೆ ಬಂತು. ಅದು ಸರಕಾರದ ಮಾಲಲ್ಲ, ನಾನೇ ಸ್ವಂತಕ್ಕೆ ಕೊಂಡದ್ದು ಎಂದು ಮೊದಲೇ ಹೇಳಿಬಿಡುತ್ತೇನೆ. ಪಿಂಚಣಿ ಎನ್ನುವುದು ನಾಜೂಕಿನ ವಸ್ತು.

ಮೂವತ್ತಮೂರು ವರ್ಷ ನಾನು ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದೆ. ಡಾಕ್ಟರಲ್ಲ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಜನ ನನ್ನನ್ನು ‘ಎಮ್ಮಿ ಡಾಕ್ಟರು’ ಎಂದೇ ಕರೆದರು. ಎಮ್ಮೆಗಳು ತಕರಾರು ಮಾಡಲಿಲ್ಲ, ನಾನೂ ತಿದ್ದಲು ಹೋಗಲಿಲ್ಲ. ಎಮ್ಮೆಗೆ ಕೋಣ ತೋರಿಸಿ ಎರಡು ಮೂರು ತಿಂಗಳಾದ ಮೇಲೆ ಗಬ್ಬ ನಿಂತಿದೆಯೋ ಇಲ್ಲವೋ ತಿಳಿಯಬೇಕಾದರೆ ನಮ್ಮಂಥವರಿಗೆ ಬೇರೆ ದಾರಿ ಇರಲಿಲ್ಲ. ಇದ್ದದ್ದು ಹಿಂದಿನ ದಾರಿ ಒಂದೇ. ಹೆಗಲಿನವರೆಗೆ ಕೈಗವಸು ಏರಿಸಿ, ಸಾಬೂನು ಸವರಿ, ಆಕಾಶ ನೋಡುತ್ತ ಕೈ ಹಾಕಿದರೆ ಉತ್ತರ ಎರಡೇ. ‘ಗಬ್ಬ ಐತಿ’, ಇಲ್ಲವೇ ‘ಖಾಲಿ’. ಗಬ್ಬ ಎಂದರೆ ಚಹಾದ ಜೊತೆ ಚೂಡಾ ಬರುತ್ತಿತ್ತು. ಖಾಲಿ ಎಂದರೆ ಬರೀ ಚಹಾ, ಅದಕ್ಕೂ ಸಕ್ಕರೆ ಕಡಿಮೆ. ಖಾಲಿ ಎಂಬ ಮಾತು ಕೇಳಿ ಮುಖ ಅರಳಿಸಿದ ಒಬ್ಬ ಮಾಲಕನನ್ನೂ ನನ್ನ ಇಡೀ ನೌಕರಿಯಲ್ಲಿ ನಾನು ಕಾಣಲಿಲ್ಲ.

ಈ ಕೆಲಸದಲ್ಲಿ ನನ್ನದೊಂದು ಕಾಯದೆ ಇತ್ತು. ಮಾಲಕ ಬಂದು ಹಗ್ಗ ಹಿಡಿಯಬೇಕು. ಕುಲಗೋಡದಲ್ಲಿ ಒಮ್ಮೆ ಮಾಲಕ ತಾನು ಪಂಚಾಯತಿಗೆ ಹೋಗಿ, ಬಾಜೂ ಮನೆಯವನನ್ನು ಹಗ್ಗ ಹಿಡಿಯಲು ಕಳಿಸಿದ್ದ. ಆ ಎಮ್ಮೆ ನನ್ನನ್ನು ಒದ್ದು ತಿಪ್ಪೆಯಲ್ಲಿ ಕೂರಿಸಿತು. ತಿಪ್ಪೆಯಲ್ಲಿ ಕೂತಾಗ ಮನುಷ್ಯನಿಗೆ ಜ್ಞಾನೋದಯವಾಗುತ್ತದೆ. ಎಮ್ಮೆಗೆ ತನ್ನ ಮಾಲಕನ ವಾಸನೆ ಗೊತ್ತು. ತಲೆಯ ಹತ್ತಿರ ಅವನು ನಿಂತು, ಹಣೆ ತಿಕ್ಕಿ, “ಹೋ ಹೋ” ಅನ್ನುತ್ತಿದ್ದರೆ ಹಿಂದೆ ಏನು ನಡೆದರೂ ಅದು ಸಹಿಸಿಕೊಳ್ಳುತ್ತದೆ. ಅಂದಿನಿಂದ ಮಾಲಕ ಇಲ್ಲದ ಎಮ್ಮೆಗೆ ನಾನು ಕೈ ಹಚ್ಚಲಿಲ್ಲ.

ಇನ್ನು ನಾಚಿಕೆಯ ವಿಷಯ. ಎಮ್ಮೆಯ ಪರೀಕ್ಷೆ ನಡೆಯುವಾಗ ಇಡೀ ಓಣಿ ನಿಂತು ನೋಡುತ್ತಿತ್ತು. ಗಂಡಸರು ಬೀಡಿ ಹಚ್ಚಿಕೊಂಡು “ಇನ್ನಾ ಸ್ವಲ್ಪ ಎಡಕ್ಕ ನೋಡ್ರಿ” ಎಂದು ನನಗೇ ದಾರಿ ತೋರಿಸುತ್ತಿದ್ದರು. ಎಮ್ಮೆಗೆ ಮಾನ ಮರ್ಯಾದೆ ಇದೆಯೆಂದು ಯಾರಿಗೂ ಅನಿಸಿದ್ದಿಲ್ಲ. ಮಾನ ಮರ್ಯಾದೆ ಇರುವುದು ಗಂಡಸಿಗೆ. ಅದೂ ಎಲ್ಲಿ ಇರುತ್ತದೆ ಎಂಬುದು ನನಗೆ ತಿಳಿಯಲು ಅರವತ್ತು ದಾಟಬೇಕಾಯಿತು.

ಮಮದಾಪುರ ನನ್ನೂರು. ಅಲ್ಲಿಯ ಸಾಲಿಯಲ್ಲಿ ನಾನು ಕಲಿತ ಮೊದಲ ಅಕ್ಷರ ‘ಅ’ ಅಲ್ಲ, ಕಿರುಬೆರಳು. ಕಿರುಬೆರಳು ಎತ್ತಿ “ಏಕಿ ರೀ, ಸರ್” ಎಂದರೆ ಮೂತ್ರಕ್ಕೆ ಬಿಡುತ್ತಿದ್ದರು. ಲೆಕ್ಕದ ತಾಸಿನಲ್ಲಿ ನನಗೆ ನಾಲ್ಕು ಸಲ ಏಕಿ ಬರುತ್ತಿತ್ತು. ಸಾಲಿಯ ಹಿಂದಿನ ಗೋಡೆಯ ಮೇಲೆ ಕುಟುಂಬ ಯೋಜನೆಯವರು ಒಂದು ಕೆಂಪು ತ್ರಿಕೋನ ಬರೆದಿದ್ದರು. ಅದರ ಅರ್ಥ ನಮಗೆ ಗೊತ್ತಿರಲಿಲ್ಲ. ನಮಗದು ಗುರಿ. ಯಾರ ಧಾರೆ ತ್ರಿಕೋನ ಮುಟ್ಟುತ್ತದೋ ಅವನು ಪೈಲವಾನ. ನನ್ನ ಅಣ್ಣ ಈರಪ್ಪ ನನಗಿಂತ ಮೂರು ವರ್ಷ ದೊಡ್ಡವನು, ಊರಿಗೆಲ್ಲ ಅವನೇ ಪೈಲವಾನ. ಎರಡು ಹೆಜ್ಜೆ ಹಿಂದೆ ಸರಿದು ನಿಂತು ಸಹ ತ್ರಿಕೋನದ ತುದಿಗೆ ಮುಟ್ಟಿಸುತ್ತಿದ್ದ.

ಒಂದು ದಿನ ಈ ಪಂದ್ಯದ ನಡುವೆ ಹೆಡ್‌ಮಾಸ್ತರರು ಹಿಂದೆ ಬಂದು ನಿಂತರು. ಪಂದ್ಯದಲ್ಲಿ ಇದ್ದವರೆಲ್ಲ ಹಾರಿ ಓಡಿದೆವು. ಧಾರೆ ನಡುವೆ ನಿಲ್ಲಿಸಲಾಗದ ಈರಪ್ಪ ಮಾತ್ರ ಸಿಕ್ಕುಬಿದ್ದ. “ಯಾರ‍್ಯಾರಿದ್ರಿ?” ಎಂದು ಕೇಳಿದರೆ “ನಾ ಒಬ್ಬಾವ ರೀ” ಎಂದನಂತೆ. ನನ್ನ ಪಾಲಿನ ಛಡಿ ಏಟನ್ನೂ ಅವನೇ ತಿಂದು ಮನೆಗೆ ಬಂದ. ಅವ್ವನಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ನನ್ನದು ಬೇರೆ ಕಾರಣ.

ಆ ಪೈಲವಾನನನ್ನು ಮೂರು ವರ್ಷದ ಹಿಂದೆ ನಾನು ಬೈಕಿನ ಹಿಂದೆ ಕೂರಿಸಿಕೊಂಡು ಕುಲಗೋಡಕ್ಕೆ ಒಂದು ಲಗ್ನಕ್ಕೆ ಹೊರಟಿದ್ದೆ. ದಾರಿಯಲ್ಲಿ ಮೂರು ಸಲ ಬೈಕು ನಿಲ್ಲಿಸಿದ. ಮೂರು ಸಲವೂ ಕಬ್ಬಿನ ಬದುವಿಗೆ ಹೋಗಿ ನಿಂತ. ಹೋದವನು ಬರುವುದೇ ಇಲ್ಲ. ನಾನು ಹಾರ್ನ್ ಹೊಡೆದರೆ ತಿರುಗದೇ ಕೈ ಬೀಸಿದ.

“ನೀ ಮುಂದ ನಡಿ, ನಾ ಬಂದೆ.”

“ಮುಂದ ಅಂದ್ರ ಎಲ್ಲಿಗಿ ನಡೀಲೆಪಾ, ನೀ ಬೈಕಿನ ಮ್ಯಾಲ ಬರಾವ,” ಎಂದೆ. ಅಷ್ಟಕ್ಕೇ ನನ್ನ ನಾಲಿಗೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. “ಏನಣ್ಣಾ, ಧುಪದಾಳ ಡ್ಯಾಮಿನಾಗ ಗೇಟ್ ಬಂದ್ ಮಾಡ್ಯಾರೇನ? ನೀರ ಬರವಲ್ತು?” ಎಂದೂ ಕೇಳಿದೆ.

ಅವನು ನಕ್ಕ. “ಹೂಂ, ಹನಿ ಹನಿ ಬರಾಕತ್ತೈತಿ,” ಎಂದ. ನಾನೂ ನಕ್ಕೆ. ಲಗ್ನದ ಪಂಕ್ತಿಯಲ್ಲಿ ಈ ಧುಪದಾಳದ ಜೋಕನ್ನು ನಾಲ್ಕು ಜನಕ್ಕೆ ಹೇಳಿ ಅವರನ್ನೂ ನಗಿಸಿದೆ. ಈಗಲೂ ಆ ಲಗ್ನದ ಫೋಟೋ ನೋಡಿದರೆ ನನಗೆ ಉಂಡ ಜಿಲೇಬಿ ನೆನಪಾಗುವುದಿಲ್ಲ, ಆ ಜೋಕು ನೆನಪಾಗುತ್ತದೆ.

ವಾಪಸು ಬರುವಾಗ ನಾನು ಔಷಧಿ ಹೇಳಿದೆ. ಉಷ್ಣ. ನಮ್ಮ ಕಡೆ ಕಣ್ಣು ಕೆಂಪಾದರೆ ಉಷ್ಣ, ಕೂದಲು ಉದುರಿದರೆ ಉಷ್ಣ, ಹೆಂಡತಿಯ ಮೇಲೆ ಸಿಟ್ಟು ಬಂದರೂ ಉಷ್ಣ. ಮೂತ್ರಕ್ಕೆ ಸಂಬಂಧಪಟ್ಟ ಸಮಸ್ತವೂ ಉಷ್ಣ. ಇದನ್ನು ಕಂಡುಹಿಡಿಯಲು ಪರೀಕ್ಷೆ ಬೇಡ, ಬಾಯಿ ಇದ್ದರೆ ಸಾಕು. “ಬಾರ್ಲಿ ನೀರ ಕುಡಿ, ಸಬ್ಜಾ ಬೀಜ ನೆನಸಿ ತಗೋ” ಎಂದೆ. ಎಮ್ಮೆ ಎರಡು ದಿನ ಮೂತ್ರಕ್ಕೆ ತಿಣುಕಿದರೆ ಮಾಲಕನಿಗೆ “ಇಷ್ಟ ದಿನ ಏನ ಮಾಡತಿದ್ದಿ?” ಎಂದು ಝಾಡಿಸುತ್ತಿದ್ದ ನಾನು, ಒಡಹುಟ್ಟಿದ ಅಣ್ಣನಿಗೆ ಒಂದು ವರ್ಷ ಬಾರ್ಲಿ ಕುಡಿಸಿದೆ.

ಆಮೇಲೆ ಅವನಿಗೆ ಸೊಂಟ ಹಿಡಿಯಿತು. ಅದಕ್ಕೂ ನನ್ನಲ್ಲಿ ಉತ್ತರ ಸಿದ್ಧವಿತ್ತು. ಟ್ರ್ಯಾಕ್ಟರ್. ಪಟ್ಟಿ ಕಟ್ಟಿಸಿದೆ, ಎಣ್ಣೆ ತಿಕ್ಕಿಸಿದೆ. ಇವಾವುದೂ ನಾಟದಿದ್ದಾಗ ಹುಕ್ಕೇರಿ ಕಡೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬ ಇದ್ದಾನೆ, ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವನು. ಅಂಥವರು ಸೊಂಟಕ್ಕೆ ಮೂರು ಸಲ ಒದ್ದರೆ ನೋವು ಹೋಗುತ್ತದೆಂದು ನಮ್ಮಲ್ಲಿ ನಂಬಿಗೆ. ವಿಜ್ಞಾನ ಓದಿ, ಸರಕಾರದ ಪಗಾರ ತಿಂದು, ಹಳ್ಳಿ ಹಳ್ಳಿ ತಿರುಗಿ ಮೂಢನಂಬಿಕೆ ಬಿಡಿರೆಂದು ಭಾಷಣ ಮಾಡಿದ ನಾನು, ಅಣ್ಣನನ್ನು ಬಾಗಿಸಿ ನಿಲ್ಲಿಸಿ, ಬೇರೆಯವನ ಕೈಯಲ್ಲಿ, ಅಲ್ಲ, ಕಾಲಲ್ಲಿ, ಒದೆಸಿಕೊಂಡು ಬಂದೆ. ಮೂರನೆಯ ಒದೆತಕ್ಕೆ ಅಣ್ಣ ಗೋಡೆ ಹಿಡಿದು ಕೂತುಬಿಟ್ಟ. ಎದ್ದು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಅಂದು ಅವನ ಕಣ್ಣಲ್ಲಿ ನೀರು ನೋಡಿದ ಮೇಲೆಯೇ ನಾನು ಅವನನ್ನು ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದದ್ದು.

ಅಲ್ಲಿಯ ಡಾಕ್ಟರು ಅದೇ ಹಿಂದಿನ ದಾರಿಯಿಂದ ಒಂದು ಬೆರಳು ಹಾಕಿ ನೋಡಿ ಎರಡು ನಿಮಿಷದಲ್ಲಿ ಅನುಮಾನಪಟ್ಟರು. ಆಮೇಲೆ ರಕ್ತ, ಸ್ಕ್ಯಾನು, ತುಣುಕು ತೆಗೆದು ಪರೀಕ್ಷೆ, ಎಲ್ಲ ಆದವು. ಪ್ರಾಸ್ಟೇಟ್ ಕ್ಯಾನ್ಸರ್. ಬೆನ್ನೆಲುಬಿಗೆ ಇಳಿದಿತ್ತು. ಹುಕ್ಕೇರಿಯವನು ಒದ್ದದ್ದು ಅದೇ ಎಲುಬಿಗೆ.

ಈ ಪ್ರಾಸ್ಟೇಟ್ ಎನ್ನುವುದರ ಬಗ್ಗೆ ಎರಡು ಮಾತು ಹೇಳಬೇಕು. ಇದು ಗಂಡಸರಿಗೆ ಮಾತ್ರ ಇರುವ, ಮೂತ್ರಚೀಲದ ಕೆಳಗೆ ಕೂತಿರುವ ಅಕ್ರೋಡದಷ್ಟು ಗ್ರಂಥಿ. ನಮ್ಮ ಭಾಗದ ಬೈಗುಳ ನಿಮಗೆ ಗೊತ್ತಲ್ಲ, ಗಂಡಸಿನ ಆ ಪ್ರಾಂತದ ಒಂದು ಅಂಗವನ್ನೂ ನಾವು ಬಿಟ್ಟಿಲ್ಲ. ಇದೊಂದೇ ತಪ್ಪಿಸಿಕೊಂಡಿದೆ. ಬೈಗುಳದಲ್ಲೂ ಹೆಸರಿಲ್ಲದ ಅಂಗ ತನ್ನೊಳಗೆ ಇದೆಯೆಂದು ನಮ್ಮ ಗಂಡಸು ನಂಬುವುದಾದರೂ ಹೇಗೆ? ಅಣ್ಣನ ಹೆಂಡತಿ ಗಂಗವ್ವ ವೈನಿ ಊರವರಿಗೆಲ್ಲ “ಇವರಿಗೆ ಪೋಸ್ಟಿಂದೇನೋ ತ್ರಾಸಂತ” ಎಂದು ಹೇಳಿದಳು. ಟಪಾಲಿನವನೇ ಒಂದು ದಿನ ಮನೆಗೆ ಬಂದು, ಪಾರ್ಸಲ್ಲು ಏನಾದರೂ ತಪ್ಪಿದೆಯೇ ಎಂದು ವಿಚಾರಿಸಿಕೊಂಡು ಹೋದ.

ಬೆಳಗಾವಿಯ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. “ಲಗೂ ಬಂದಿದ್ರ ಪೂರ್ತಿ ಗುಣ ಮಾಡೂ ದಾರಿ ಇತ್ತ್ರಿ. ಈಗ ಹಿಡಿದಿಡಬಹುದು. ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್, ದಿನಾ ಗುಳಗಿ.” ಆಮೇಲೆ ನನ್ನ ಕಡೆ ತಿರುಗಿದರು. “ನೀವು ಇವರ ಸ್ವಂತ ತಮ್ಮ ಅಲ್ರಿ? ನೀವೂ ತೋರಿಸ್ಕೋರಿ. ಅಪ್ಪಗ, ಅಣ್ಣತಮ್ಮಗ ಇದ್ರ ಉಳಿದವರಿಗೆ ಧೋಕಾ ಜಾಸ್ತಿ.”

“ನನಗೇನೂ ತ್ರಾಸ ಇಲ್ರಿ,” ಎಂದೆ.

“ತ್ರಾಸ ಇಲ್ಲದಾಗ ಬರಬೇಕ್ರಿ. ಇದು ಶುರುವಿಗೆ ಏನೂ ತ್ರಾಸ ಕೊಡೂದಿಲ್ಲ. ಮೂತ್ರದ ತ್ರಾಸ ಇದ್ದವರಿಗೆಲ್ಲ ಕ್ಯಾನ್ಸರ್ ಇರ್ತೈತಿ ಅಂತಲ್ಲ, ವಯಸ್ಸಾದ್ರ ಗ್ರಂಥಿ ಸುಮ್ನ ದಪ್ಪಾಗ್ತೈತಿ. ಆದ್ರ ಯಾವುದು ಸುಮ್ಮಂದು, ಯಾವುದು ಖರೆ ಅಂತ ನೋಡಿದ್ರನ ಗೊತ್ತಾಗೂದು. ಐವತ್ತು ದಾಟಿದ ಗಂಡಸ್ರು ಒಮ್ಮೆ ಡಾಕ್ಟರ್ ಕೂಡ ಈ ಮಾತ ಆಡಬೇಕು. ಮನಿತನದಾಗ ಇದ್ರ ಇನ್ನೂ ಮೊದಲ.”

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತಾಗ ನನಗೆ ನನ್ನ ಮೇಲೆಯೇ ಹೇಸಿಕೆಯಾಯಿತು. ಬಾರ್ಲಿ ಹೇಳಿದವನು ನಾನು, ಒದೆಸಿದವನು ನಾನು, ನಗಿಸಿದವನೂ ನಾನು. ಅಣ್ಣ ನನ್ನ ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆಯೆಂದು ತಾನೇ ಎದ್ದು ಹಾಕಿಸಿಕೊಂಡು ಬಂದ.

ಇಷ್ಟಾದ ಮೇಲೆ ನಾನು ನೆಟ್ಟಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡೆ ಎಂದು ನೀವು ತಿಳಿದಿದ್ದರೆ, ನಿಮಗೆ ಗಂಡಸರ ಪರಿಚಯ ಇಲ್ಲ. ನಾನು ಮಾಡಿದ್ದು ಅದಕ್ಕಿಂತ ದೊಡ್ಡ ಕೆಲಸ. ನಾನು ಉಪದೇಶಕನಾದೆ. ಗೋಕಾಕದ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಕೂತು, ಕಂಡ ಕಂಡ ಅರವತ್ತರ ಗಂಡಸರಿಗೆಲ್ಲ “ತೋರಿಸ್ಕೋರಿ, ತೋರಿಸ್ಕೋರಿ” ಎಂದು ಬೋಧಿಸಿದೆ. ನನ್ನ ಸರದಿ ಬಂದಾಗ ಮಾತ್ರ ಒಮ್ಮೆ ಶ್ರಾವಣ ಇರುತ್ತಿತ್ತು, ಒಮ್ಮೆ ಅಮಾವಾಸ್ಯೆ ಇರುತ್ತಿತ್ತು, ಒಮ್ಮೆ ನೆಗಡಿ ಇರುತ್ತಿತ್ತು. ಮೂಗಿನ ನೆಗಡಿಗೂ ಆ ಪರೀಕ್ಷೆಗೂ ಏನು ಸಂಬಂಧವೆಂದು ಸುಶೀಲಾ ಕೇಳಿದಳು. ಶರೀರ ಎಲ್ಲ ಒಂದೇ ಅಲ್ಲವೇ ಎಂದು ವೇದಾಂತ ಹೇಳಿದೆ.

“ನಾಚಿಕಿ ಬರತೈತಿ ಅಂತ ನೆಟ್ಟಗ ಹೇಳ್ರಿ,” ಎಂದಳು ಅವಳು.

“ನಾಚಿಕಿ ಏನಿಲ್ಲ. ಆದ್ರೂ ಒಂದ ರೀತಿ…”

“ಮೂವತ್ತಮೂರು ವರ್ಷ ಎಮ್ಮಿ ಒಂದ ರೀತಿ ಅಂದಿದ್ವೇನು?”

ನಾನು ಪೇಪರ್ ಓದಿದೆ. ಖರೆ ಹೇಳಬೇಕೆಂದರೆ ನಾಚಿಕೆ ಮೇಲಿನ ಅಂಗಿ ಮಾತ್ರ. ಒಳಗಿದ್ದದ್ದು ಹೆದರಿಕೆ. ನೋಡಿಸಿಕೊಳ್ಳದಿದ್ದರೆ ಇಲ್ಲ, ನೋಡಿಸಿಕೊಂಡರೆ ಇದ್ದರೂ ಇರಬಹುದು ಎಂಬುದು ನನ್ನ ಗಣಿತ. ಲೆಕ್ಕದ ತಾಸಿನಲ್ಲಿ ನಾಲ್ಕು ಸಲ ಏಕಿಗೆ ಹೋದವನ ಗಣಿತ ಇನ್ನು ಹೇಗಿದ್ದೀತು.

ಅಷ್ಟರಲ್ಲಿ ಕುಲಗೋಡದ ತರುಣರು ಗಂಡಸರಿಗಾಗಿಯೇ ಒಂದು ತಪಾಸಣಾ ಶಿಬಿರ ಇಟ್ಟರು. ನನ್ನ ಬೋಧನೆಯ ಕೀರ್ತಿ ಅಲ್ಲಿಯವರೆಗೆ ಹೋಗಿತ್ತು, ನನ್ನನ್ನೇ ಮುಖ್ಯ ಅತಿಥಿ ಮಾಡಿದರು. ಹೋಗಿ ನೋಡುತ್ತೇನೆ, ಪೆಂಡಾಲಿನ ತುಂಬ ಹೆಂಗಸರು. ನಮ್ಮ ಕಡೆ ಶಿಬಿರ ಅಂದರೆ ಹೆಂಗಸರು ಹೋಗುವಂಥದು ಎಂದೇ ರೂಢಿ. ಗಂಡಂದಿರೆಲ್ಲ ತಮ್ಮ ತಮ್ಮ ಆಧಾರ ಕಾರ್ಡು ಕೊಟ್ಟು ಹೆಂಡಂದಿರನ್ನು ಕಳಿಸಿಬಿಟ್ಟಿದ್ದರು. “ಅವರಿಗೆ ಹೊಲದಾಗ ಕೆಲಸ ಐತ್ರಿ, ಅವರದೂ ನಂದ ನೋಡ್ರಿ,” ಎಂದು ಒಬ್ಬ ಅಜ್ಜಿ ನರ್ಸಬಾಯಿಯ ಎದುರು ಕೈ ಚಾಚಿ ಕೂತಿದ್ದಳು. ನಮ್ಮ ಗಂಡಸರಿಗೆ ಉಪವಾಸವನ್ನು ಹೆಂಡತಿಯ ಕೈಯಲ್ಲಿ ಮಾಡಿಸಿ ಅಭ್ಯಾಸ, ಪ್ರಾಸ್ಟೇಟನ್ನೂ ಹಾಗೇ ದಾಟಿಸಬಹುದೆಂದು ತಿಳಿದಿದ್ದರು.

ಸ್ವತಃ ಬಂದ ಗಂಡಸರು ಐದಾರು ಮಂದಿ. ಅವರಲ್ಲಿ ಲಗಮಪ್ಪ ಎಂಬವನು ಎಮ್ಮೆ ಹೊಡೆದುಕೊಂಡು ಬಂದಿದ್ದ. ಬ್ಯಾನರಿನ ಮೇಲೆ ನನ್ನ ಫೋಟೋ ಇತ್ತಲ್ಲ, ತಪಾಸಣೆ ಅಂದರೆ ಅದೇ ಇರಬೇಕೆಂದು ಅವನ ಅಂದಾಜು.

ನಾನು ಭಾಷಣ ಮಾಡಿದೆ. ನಾಚಿಕೆ ಬಿಡಿ, ಮನೆಯವರ ಮುಖ ನೋಡಿ, ನನ್ನ ಅಣ್ಣನ ಸ್ಥಿತಿ ಯಾರಿಗೂ ಬೇಡ ಎಂದೆ. ಅಣ್ಣನ ಹೆಸರನ್ನು ಎರಡು ಸಲ ಹೇಳಿದೆ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕೆಳಗೆ ಇಳಿದರೆ ನರ್ಸಬಾಯಿ ಸೂಜಿ ಹಿಡಿದು ನಿಂತಿದ್ದಳು.

“ಸರ್, ಮೊದಲ ನಿಮ್ಮಿಂದನ ಶುರು ಮಾಡೋಣ್ರಿ. ಬರೀ ರಕ್ತ, ಪಿಎಸ್‌ಎ ಅಂತ.”

“ನಾ ನಾಷ್ಟಾ ಮಾಡಿ ಬಂದೇನವ್ವಾ.”

“ಇದಕ್ಕ ಉಪವಾಸ ಬೇಕಾಗಿಲ್ರಿ.”

“ಗೋಕಾಕ ಬಸ್ ಹೊಂಟೈತಿ,” ಎಂದೆ. ಬಸ್ ಖರೆಯೇ ಹೊರಟಿತ್ತು, ಆದರೆ ಅದರ ಹಿಂದೆ ಇನ್ನೊಂದು ಇತ್ತು. ಕೊರಳಲ್ಲಿ ಹಾರ ಹಾಕಿಕೊಂಡೇ ಓಡಿ ಹತ್ತಿದೆ. ಕಿಟಕಿಯಿಂದ ನೋಡಿದರೆ ಲಗಮಪ್ಪ ಎಮ್ಮೆಯ ಹಗ್ಗ ಹಿಡಿದು ನನ್ನನ್ನೇ ನೋಡುತ್ತಿದ್ದ, ಎಮ್ಮೆಯೂ ನೋಡುತ್ತಿತ್ತು.

ಲಗಮಪ್ಪನ ಬೀಗರು ಇರುವುದು ಮಮದಾಪುರದಲ್ಲಿ. ಎಮ್ಮಿ ಡಾಕ್ಟರು ಸೂಜಿ ನೋಡಿ ಓಡಿಹೋದರೆಂಬ ಸುದ್ದಿ ನಾನು ಗೋಕಾಕ ಮುಟ್ಟುವುದರೊಳಗೆ ಅಣ್ಣನನ್ನು ಮುಟ್ಟಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಅಣ್ಣ ನಿಂತಿದ್ದ. ಒಂದು ಕೈಯಲ್ಲಿ ಕೋಲು, ಹೆಗಲಿಗೆ ಚೀಲ. ಬಸ್ಸಿನಲ್ಲಿ ಒಬ್ಬನೇ ಬಂದಿದ್ದ. ಇಂಜೆಕ್ಷನ್ ಶುರುವಾದ ಮೇಲೆ ಸೊಂಟದ ನೋವು ಕಡಿಮೆಯಾಗಿತ್ತು, ಆದರೆ ಮೈ ಅರ್ಧಕ್ಕೆ ಇಳಿದಿತ್ತು. ಒಳಗೆ ಬಂದವನು ಚೀಲದಿಂದ ಒಂದು ಹಗ್ಗ ತೆಗೆದು ಊಟದ ಟೇಬಲ್ಲಿನ ಮೇಲೆ ಇಟ್ಟ. ದನ ಕಟ್ಟುವ ಹಗ್ಗ, ಗಂಟಿನ ಹತ್ತಿರ ಇನ್ನೂ ಸೆಗಣಿ ಒಣಗಿತ್ತು.

“ಇದೇನಣ್ಣಾ?”

“ಮಾಲಕ ಬಂದು ಹಗ್ಗಾ ಹಿಡೀಬೇಕು ಅಂತಿದ್ದ್ಯಲ್ಲ. ಬಂದೇನಿ. ನಡಿ.”

“ಯಾರ ಮಾಲಕ?”

“ಅವ್ವ ಸಾಯುಮುಂದ ನಿನ್ನ ಕೈ ತಗದು ನನ್ನ ಕೈಯಾಗ ಇಟ್ಟಾಳು. ಅವತ್ತ ನೀನೂ ಇದ್ದಿ. ಈ ಜಾನುವಾರಕ್ಕ ಮಾಲಕ ನಾನ.”

ಸುಶೀಲಾ ಒಳಗಿನಿಂದ ಬಂದು, “ಭಾವಾರ, ಮೊದಲ ನಾಷ್ಟಾ ಮಾಡ್ರಿ,” ಎಂದಳು.

“ತಿನ್ನಾಕ ಕೂತ್ರ ಓಡಿಹೋಗ್ತಾನವ್ವಾ. ಮೊದಲ ಆ ಹಿತ್ತಲ ಬಾಗಲಾ ಹಾಕು,” ಎಂದ ಅಣ್ಣ. ಸುಶೀಲಾ ಹೋಗಿ ಹಾಕಿದಳು. ನನ್ನ ಸ್ವಂತ ಮನೆಯಲ್ಲಿ ನನ್ನ ಕಡೆ ಯಾರೂ ಇರಲಿಲ್ಲ.

ಗೋಕಾಕದ ಒಂದು ಆಸ್ಪತ್ರೆಗೆ ವಾರಕ್ಕೆರಡು ದಿನ ಮೂತ್ರರೋಗದ ಡಾಕ್ಟರೊಬ್ಬರು ಬರುತ್ತಾರೆ. ಹುಕ್ಕೇರಿ ಕಡೆಯವರು, ಇನ್ನೂ ಮೂವತ್ತೈದು ಇರಬೇಕು. ಮೊದಲು ರಕ್ತ ತೆಗೆಸಿದರು. ಸೂಜಿ ಚುಚ್ಚಿದ್ದು ನನಗೆ ಗೊತ್ತಾಗಲೇ ಇಲ್ಲ. ಆಮೇಲೆ ಒಳಗೆ ಕರೆದು ನನ್ನ ಮುಖ ನೋಡಿ ಕೈ ಮುಗಿದರು.

“ನೀವು ಎಮ್ಮಿ ಡಾಕ್ಟರ್ ಅಲ್ರಿ ಸರ್? ನಮ್ಮ ಮನಿ ಎಮ್ಮಿ ನೀವ ನೋಡತಿದ್ರಿ. ನಮ್ಮಪ್ಪ ಭಾಳ ಹೇಳ್ತಾರ ನಿಮ್ಮ ಸುದ್ದಿ.”

ಬೇರೆ ಹೊತ್ತಿನಲ್ಲಿ ಈ ಮಾತಿಗೆ ನನ್ನ ಎದೆ ಉಬ್ಬುತ್ತಿತ್ತು. ಈಗ ಇಡೀ ಜಿಲ್ಲೆಯಲ್ಲಿ ನನ್ನ ಪರಿಚಯ ಇಲ್ಲದ ಒಬ್ಬ ಡಾಕ್ಟರೂ ಇಲ್ಲವೇ ಎಂದು ಅನಿಸಿತು. ಅಣ್ಣ ಹೊರಗೆ ಇರಲು ಒಪ್ಪಲಿಲ್ಲ. “ನಾ ತಲಿ ಕಡೆ ನಿಲ್ಲಾವ್ರಿ ಸಾಹೇಬ್ರ. ಮಾಲಕ,” ಎಂದ. ಡಾಕ್ಟರರಿಗೆ ಏನು ತಿಳಿಯಿತೋ, ತಲೆಯಾಡಿಸಿದರು.

ಎಡ ಮಗ್ಗುಲಾಗಿ ಮಲಗಿ ಮೊಣಕಾಲು ಎದೆಗೆ ಮಡಚಲು ಹೇಳಿದರು. ಡಾಕ್ಟರು ಕೈಗವಸು ಹಾಕಿಕೊಂಡದ್ದನ್ನು ಓರೆಗಣ್ಣಿನಿಂದ ನೋಡಿದೆ. ಅದು ಮಣಿಕಟ್ಟಿಗೇ ಮುಗಿದಿತ್ತು. “ಇಷ್ಟ ಏನ್ರಿ?” ಎಂದೆ. ಮೂವತ್ತಮೂರು ವರ್ಷದ ಅಭ್ಯಾಸ.

“ಇಷ್ಟರಾಗನೂ ಒಂದ ಬೆರಳ ಸಾಕ್ರಿ ಸರ್.”

“ಕೇಳಿದೇನ ಬಸೂ, ಒಂದ ಬೆರಳಂತ,” ಎಂದ ಅಣ್ಣ ನನ್ನ ಕಿವಿಯ ಹತ್ತಿರ. “ಸಾಲ್ಯಾಗ ಏಕಿಗ ಎತ್ತತಿದ್ದೆಲ್ಲ, ಅಷ್ಟ.” ಆಮೇಲೆ ನನ್ನ ಹಣೆಯ ಮೇಲೆ ಅಂಗೈ ಇಟ್ಟು ತಿಕ್ಕುತ್ತ, ಮಮದಾಪುರದ ಕೊಟ್ಟಿಗೆಯಲ್ಲಿ ನಿಂತವನ ಹಾಗೆ, “ಹೋ, ಹೋ, ಹೋ” ಎಂದ. ಡಾಕ್ಟರು ನಗು ತಡೆಯಲಾರದೆ ಒಂದು ಗಳಿಗೆ ಹಿಂದೆ ಸರಿದು ನಿಂತರು. ನಾನೂ ನಕ್ಕೆ. ನಗುವುದರೊಳಗೆ ಎಲ್ಲ ಮುಗಿದುಹೋಯಿತು. ಹತ್ತರವರೆಗೆ ಎಣಿಸಬೇಕೆಂದು ಇದ್ದೆ, ಐದು ದಾಟಲಿಲ್ಲ. ಇಷ್ಟಕ್ಕೆ ನಾನು ಎಂಟು ತಿಂಗಳು ತಲೆ ತಪ್ಪಿಸಿಕೊಂಡಿದ್ದೆ.

ರಕ್ತದ ವರದಿಗೆ ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತೆವು. ಅಣ್ಣ ಹಗ್ಗವನ್ನು ತೊಡೆಯ ಮೇಲೆ ಇಟ್ಟುಕೊಂಡು ಗಂಟು ಬಿಚ್ಚುತ್ತಿದ್ದ, ಮತ್ತೆ ಕಟ್ಟುತ್ತಿದ್ದ. ನನಗೆ ಕಾಯುವುದು ಎಂದರೇನೆಂದು ಗೊತ್ತಿರಲಿಲ್ಲ. ನಾನು ಯಾವಾಗಲೂ ಉತ್ತರ ಹೇಳುವವನು. ಮಾಲಕರು ನನ್ನ ಮುಖವನ್ನೇ ನೋಡುತ್ತಿದ್ದುದು ಯಾಕೆಂದು ಅಂದು ತಿಳಿಯಿತು.

ಮತ್ತೆ ಕರೆದರು. ಡಾಕ್ಟರು ಕಾಗದ ನೋಡಿ, “ಗ್ರಂಥಿ ವಯಸ್ಸಿಗೆ ತಕ್ಕಂಗ ಸ್ವಲ್ಪ ದಪ್ಪ ಐತ್ರಿ. ಗಂಟು ಗಿಂಟು ಏನೂ ಕೈಗೆ ಹತ್ತಲಿಲ್ಲ. ರಕ್ತದ ರಿಪೋರ್ಟೂ ಛಲೋ ಐತಿ,” ಎಂದರು.

ಅಣ್ಣನಿಗೆ ಇಷ್ಟುದ್ದ ಉತ್ತರ ತಿಳಿಯಲಿಲ್ಲ. ಮುಂದೆ ಬಗ್ಗಿ ಕೇಳಿದ. “ಅಂದ್ರ, ಗಬ್ಬನೋ ಖಾಲಿನೋ?”

ಹುಕ್ಕೇರಿಯ ರೈತನ ಮಗ ಅಲ್ಲವೇ, ಡಾಕ್ಟರು ತಡವರಿಸಲಿಲ್ಲ. “ಖಾಲಿ ರೀ, ಕಾಕಾ.”

ಅಣ್ಣ ಕುರ್ಚಿಗೆ ಒರಗಿಬಿಟ್ಟ. ಕೋಲು ಕೆಳಗೆ ಬಿತ್ತು. ಎತ್ತಿಕೊಡಲು ಬಗ್ಗಿದ ನನ್ನ ತಲೆಯ ಮೇಲೆ ಕೈ ಇಟ್ಟು ತೆಗೆಯಲೇ ಇಲ್ಲ. ತನ್ನ ಸ್ವಂತ ರೋಗ ಕೇಳಿದಾಗ ಅಳದವನು ಈಗ ಅಳುತ್ತಿದ್ದ.

“ಒಮ್ಮೆ ಖಾಲಿ ಅಂದ್ರ ಕಾಯಂ ಖಾಲಿ ಅಲ್ರಿ,” ಎಂದರು ಡಾಕ್ಟರು. “ಮನಿತನದಾಗ ಐತಿ. ಮುಂದಿನ ವರ್ಷ ಮತ್ತ ಬರ್ರಿ.”

ಬಸ್‌ಸ್ಟ್ಯಾಂಡಿನ ಎದುರಿನ ಅದೇ ಚಹಾದಂಗಡಿಗೆ ಬಂದೆವು. ನಾನು ಎರಡು ಚಹಾ ಹೇಳಿದೆ. ಅಣ್ಣ ತಡೆದು, “ಚೂಡಾ ಕೊಡ್ರಿ, ಎರಡ ಪ್ಲೇಟ್,” ಎಂದ. “ಖಾಲಿ ಅಂದ್ರೂ ಚೂಡಾ ತಿನಸೂ ಮಾಲಕ ನಿನಗ ಸಿಕ್ಕಿದ್ದಿಲ್ಲಲ್ಲ. ತಿನ್ನು.”

ತಿಂದೆ. ಅಣ್ಣಾ, ನಾ ನಿನಗ ಬಾರ್ಲಿ ಕುಡಿಸಿದೆ, ಒದೆಸಿದೆ, ತಪ್ಪಾತು ಎಂದು ಹೇಳಬೇಕೆಂದು ಎಂಟು ತಿಂಗಳಿಂದ ಬಾಯಲ್ಲಿ ಇಟ್ಟುಕೊಂಡಿದ್ದೆ. ಹೇಳಿದೆ. ಅವನು ಚೂಡಾದೊಳಗಿನ ಶೇಂಗಾ ಆರಿಸಿ ನನ್ನ ಪ್ಲೇಟಿಗೆ ಹಾಕುತ್ತ, “ನಿನಗರ ಏನ ಗೊತ್ತಿತ್ತು, ನೀ ಎಮ್ಮಿ ಡಾಕ್ಟರ್,” ಎಂದ.

ಮಮದಾಪುರದ ಬಸ್ಸು ಬರಲು ಇನ್ನೂ ಹೊತ್ತಿತ್ತು. ಅಣ್ಣ ಎದ್ದು, ಹಗ್ಗವನ್ನು ಸುತ್ತಿ ನನ್ನ ಕೈಯಲ್ಲಿ ಇಟ್ಟ.

“ಇದು ನಿಮ್ಮ ಮನ್ಯಾಗ ಇರಲಿ. ಮುಂದಿನ ವರ್ಷ ನನಗ ಬರಾಕ ಆದ್ರ ನಾನ ಬರ್ತೇನಿ. ಆಗಲಿಲ್ಲ ಅಂದ್ರ ಸುಶೀಲಾನ ಕೈಯಾಗ ಕೊಡು. ಒಬ್ಬಾವನ ಹೋಗಬ್ಯಾಡ, ಓಡಿಬರ್ತಿ.”

ಹಗ್ಗದ ಗಂಟಿನಲ್ಲಿ ಒಣಗಿದ್ದ ಸೆಗಣಿಯನ್ನು ನಾನು ಉಗುರಿನಿಂದ ಕೆರೆದೆ. ಅಷ್ಟರಲ್ಲಿ ಅವನು ಬಸ್‌ಸ್ಟ್ಯಾಂಡಿನ ಮೂತ್ರಾಲಯದ ಕಡೆಗೆ ಕೋಲೂರುತ್ತ ಹೊರಟ. ನಾಲ್ಕು ಹೆಜ್ಜೆ ಹೋಗಿ, ತಿರುಗದೇ ಕೈ ಬೀಸಿದ.

“ನೀ ಮುಂದ ನಡಿ, ನಾ ಬಂದೆ.”

ಈ ಸಲ ನಾನು ಮುಂದೆ ನಡೆಯಲಿಲ್ಲ. ಹಗ್ಗ ಹಿಡಿದುಕೊಂಡು ಅಲ್ಲೇ ನಿಂತೆ, ಅವನು ಬರುವವರೆಗೆ.